ಓದುಗರ ಪ್ರಶ್ನೆ, ನಮ್ಮ ಉತ್ತರ: ಅಬಿಯೋಲ ಇರೆಲೆ ಯಾರು?

ಪ್ರಶ್ನೆ: ಮಾನ್ಯರೇ, ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಆಫ್ರಿಕನ್ ಸಾಹಿತ್ಯದ ಬಗ್ಗೆ ಏನನ್ನು ಓದಲು ಹೋದರೂ ನೈಜೀರಿಯದ ಲೇಖಕರಾದ ಅಚಿಬೆ, ಸೋಯಿಂಕಾ ಅವರ ಜೊತೆಗೆ ಅಬಿಯೋಲ ಇರೆಲೆ ಎಂಬ ವಿಮರ್ಶಕರ ಹೆಸರು ಎದುರಾಗುತ್ತದೆ. ಅವರ ಬಗ್ಗೆ ದಯವಿಟ್ಟು ಸ್ವಲ್ಪ ವಿವರವಾಗಿ ತಿಳಿಸಿ.
– ವಿದ್ಯಾರ್ಥಿನಿ, ಹಾಸನ

ಉತ್ತರ: ಫ್ರಾನ್ಸಿಸ್ ಅಬಿಯೋಲ ಇರೆಲೆ 1936ರ ಮೇ 22ರಂದು ನೈಜೀರಿಯದ ಓರ ಎಂಬಲ್ಲಿ ಹುಟ್ಟಿದರು. ಮನೆತನದ ಮಾತು ಓರ ಭಾಷೆಯೇ ಆದರೂ, ತೀರ ಚಿಕ್ಕಂದಿನಲ್ಲಿ ಕುಟುಂಬ ಎನುಗು ಪಟ್ಟಣಕ್ಕೆ ಹೋದದ್ದರಿಂದ, ತಂದೆಯ ಬಳಿ ದುಡಿಯುತ್ತಿದ್ದವರ ಬಾಯಿಂದ ಅವರು ಮೊದಲು ಕಲಿತದ್ದು ಇಗ್ಬೊ. 1940ರಲ್ಲಿ ಲಾಗೋಸಿಗೆ ಬಂದ ಮೇಲೆ ಯೊರೂಬ ಅವರ ನಾಲಿಗೆಗೆ ಒಗ್ಗಿತು. ಮುಂದೆ ಅವರು ತಮ್ಮನ್ನು ಗುರುತಿಸಿಕೊಂಡದ್ದೂ ಯೊರೂಬನೆಂದೇ. ಶಾಲೆಯ ಓದಿಗೆ ಇಂಗ್ಲಿಷ್, ವೃತ್ತಿಗೆ ಫ್ರೆಂಚ್. ಇಷ್ಟು ಭಾಷೆಗಳ ನಡುವೆ ಬೆಳೆದವರು ಸಾಹಿತ್ಯವನ್ನು ಒಂದೇ ಭಾಷೆಯ ಬೇಲಿಯೊಳಗೆ ನೋಡಲಾರದೆ ಹೋದದ್ದು ಸಹಜವೇ.

ಇಬಾದಾನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದುವಾಗ, ಕವಿ ಜೆ.ಪಿ. ಕ್ಲಾರ್ಕ್ 1958ರಲ್ಲಿ ಆರಂಭಿಸಿದ್ದ ‘ದ ಹಾರ್ನ್’ ಎಂಬ ವಿದ್ಯಾರ್ಥಿಗಳ ಕಾವ್ಯಪತ್ರಿಕೆಯನ್ನು ಕ್ಲಾರ್ಕ್ ನಂತರ ಇರೆಲೆ ಸಂಪಾದಿಸಿದರು. 1960ರಲ್ಲಿ ಪದವಿ ಪಡೆದು ಪ್ಯಾರಿಸಿಗೆ ತೆರಳಿ 1966ರಲ್ಲಿ ಡಾಕ್ಟರೇಟ್ ಮುಗಿಸಿದರು. ಬಳಿಕ ಘಾನಾ, ಇಫೆ ಮತ್ತು ಇಬಾದಾನ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದರು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯವನ್ನೂ, 2003ರಲ್ಲಿ ಹಾರ್ವರ್ಡನ್ನೂ ಸೇರಿದರು. ಕೊನೆಯ ವರ್ಷಗಳಲ್ಲಿ ತಾಯ್ನಾಡಿಗೆ ಮರಳಿ, ಹೊಸದಾಗಿ ಹುಟ್ಟಿದ್ದ ಕ್ವಾರಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾನವಿಕ ವಿಭಾಗಗಳನ್ನು ಕಟ್ಟಿದರು. 2017ರ ಜುಲೈ 2ರಂದು ತೀರಿಕೊಂಡರು.

ಹುದ್ದೆಗಳ ಪಟ್ಟಿ ಇಷ್ಟು ಸಾಕು. ಬ್ರಿಟಿಷರು ಆಳಿದ ಆಫ್ರಿಕವೂ ಫ್ರೆಂಚರು ಆಳಿದ ಆಫ್ರಿಕವೂ ಅಕ್ಕಪಕ್ಕದಲ್ಲಿದ್ದೂ ಒಂದರ ಪುಸ್ತಕವನ್ನು ಇನ್ನೊಂದು ಓದದಂಥ ಸ್ಥಿತಿಯಿದ್ದ ಕಾಲದಲ್ಲಿ, ಇರೆಲೆ ಆ ಎರಡರ ನಡುವೆ ನಿಂತು ಬರೆದರು. ಸೆನೆಗಲಿನ ಸೆಂಗೋರ್, ಮಾರ್ಟಿನಿಕಿನ ಎಮೆ ಸೆಜೇರ್ ಮೊದಲಾದ ಕವಿಗಳು 1930ರ ದಶಕದ ಪ್ಯಾರಿಸಿನಲ್ಲಿ ಹುಟ್ಟುಹಾಕಿದ ನೆಗ್ರಿಟ್ಯೂಡ್ ಚಳವಳಿ ಕಪ್ಪುಜನರ ಸ್ವಂತಿಕೆಯನ್ನು ಹಾಡಿ ಹೊಗಳಿತು. ಹುಲಿ ತನ್ನ ಹುಲಿತನವನ್ನು ಸಾರಿಕೊಂಡು ತಿರುಗುವುದಿಲ್ಲ ಎಂದು ಸೋಯಿಂಕಾ ಅದನ್ನು ಲೇವಡಿ ಮಾಡಿದರು. ಇರೆಲೆ ಭಜನೆಯನ್ನೂ ಮಾಡಲಿಲ್ಲ, ಲೇವಡಿಯನ್ನೂ ಮಾಡಲಿಲ್ಲ. ಆ ಕವಿಗಳು ಹಾಗೆ ಬರೆಯುವಂತೆ ಮಾಡಿದ ಚರಿತ್ರೆಯನ್ನು ಬಿಡಿಸಿ ತೋರಿಸಿದರು. 1977ರಲ್ಲಿ ಸೆಂಗೋರರ ಆಯ್ದ ಕವಿತೆಗಳನ್ನು ಸಂಪಾದಿಸಿದ ಇವರೇ, ಅಂಥ ಚಿಂತನೆಯ ಕಟುಟೀಕಾಕಾರರಾದ ಬೆನಿನ್ ದೇಶದ ತತ್ತ್ವಜ್ಞ ಪೌಲಿನ್ ಹೂಂಟೊಂಜಿಯವರ ಕೃತಿ 1983ರಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಮುನ್ನುಡಿಯನ್ನೂ ಬರೆದರು. ಎದುರಾಳಿಯ ವಾದವನ್ನೂ ಅಷ್ಟೇ ಶ್ರದ್ಧೆಯಿಂದ ಪರಿಚಯಿಸುವ ವಿಮರ್ಶಕರು ಎಲ್ಲಿಯೂ ವಿರಳ; ನಮ್ಮಲ್ಲಿಯೂ ಅಷ್ಟೆ.

ಅವರ ವಿಮರ್ಶೆಯ ಬೇರು ಬಾಯಿಮಾತಿನ ಕಾವ್ಯದಲ್ಲಿದೆ. ಯೊರೂಬರಲ್ಲಿ ‘ಒರಿಕಿ’ ಎಂಬ ಹೊಗಳಿಕೆಯ ಪದಗಳಿವೆ. ವ್ಯಕ್ತಿಗೆ, ವಂಶಕ್ಕೆ, ಊರಿಗೆ, ದೈವಕ್ಕೆ, ಎಲ್ಲಕ್ಕೂ ಅದರದೇ ಒರಿಕಿ ಇರುತ್ತದೆ. ಚಿಕ್ಕಮಗಳೂರು ಸೀಮೆಯಲ್ಲಿ ವೀರಗಾಸೆಯವರು ಕುಣಿತವನ್ನು ನಿಲ್ಲಿಸಿ ವೀರಭದ್ರನ ಒಡಪು ಹೇಳುವುದನ್ನು ಕೇಳಿದವರಿಗೆ ಇದರ ಬಗೆ ತಟ್ಟನೆ ತಿಳಿದೀತು: ಕಥೆಯನ್ನು ಸಾಲಾಗಿ ಹೇಳುವುದಕ್ಕಿಂತ, ಒಂದರ ಮೇಲೊಂದು ವಿಶೇಷಣವನ್ನು ಹೇರುತ್ತ, ಹೊಗಳಿಸಿಕೊಳ್ಳುವವನನ್ನು ಎದುರಿಗೆ ಕರೆದು ನಿಲ್ಲಿಸುವ ಮಾತು ಅದು. ಬಾಲಕ ಇರೆಲೆಗೆ ಸಾಹಿತ್ಯ ಮೊದಲು ಸಿಕ್ಕಿದ್ದು ಇಂಥ ಪದಗಳಲ್ಲಿ, ಜನಪದ ಕಥೆಗಳಲ್ಲಿ. ಮುಂದೆ ಅವರು, ಆಫ್ರಿಕದ ಲಿಖಿತ ಸಾಹಿತ್ಯವನ್ನು ಯುರೋಪಿನ ಕಾದಂಬರಿಯ ಮರಿಯೆಂದು ಕಾಣದೆ, ಈ ಮೌಖಿಕ ಪರಂಪರೆಯ ಮುಂದುವರಿಕೆಯಾಗಿ ಓದಬೇಕೆಂದು ವಾದಿಸಿದರು. 1952ರಲ್ಲಿ ನೈಜೀರಿಯದ ಯೊರೂಬ ಲೇಖಕ ಟುಟುವೊಲರ ಇಂಗ್ಲಿಷ್ ಕಥನ ಲಂಡನ್ನಿನಲ್ಲಿ ಪ್ರಕಟವಾದಾಗ ಅಲ್ಲಿನವರು ಅದನ್ನೊಂದು ಸೋಜಿಗವೆಂಬಂತೆ ನೋಡಿದರು. ಅದರ ಹಿಂದೆ 1938ರಲ್ಲಿಯೇ ಯೊರೂಬ ಭಾಷೆಯಲ್ಲಿ ಕಾದಂಬರಿ ಬರೆದ ಫಗುನ್ವಾ ಇದ್ದಾರೆಂದೂ, ಫಗುನ್ವಾರಿಂದ ಟುಟುವೊಲ, ಅಲ್ಲಿಂದ ಸೋಯಿಂಕಾ ಎಂದು ಒಂದೇ ಧಾರೆ ಹರಿದಿದೆಯೆಂದೂ ಇರೆಲೆ ಒಂದು ಪ್ರಬಂಧದಲ್ಲಿ ತೋರಿಸಿಕೊಟ್ಟರು. ನನ್ನ ದೃಷ್ಟಿಯಲ್ಲಿ ಅವರ ಬರಹಗಳಲ್ಲೆಲ್ಲ ಗಟ್ಟಿಯಾದದ್ದು ಈ ಪ್ರಬಂಧ.

ಪ್ರಶ್ನೆ: ಇದೇ ಇರೆಲೆ ಪರಕೀಯತೆಯನ್ನು (ಏಲಿಯನೇಷನ್) ಹೊಗಳಿ ಉಪನ್ಯಾಸ ಕೊಟ್ಟರೆಂದು ಓದಿದ್ದೇನೆ. ಪರರ ಆಳ್ವಿಕೆ ಉಂಡ ನೆಲದ ವಿದ್ವಾಂಸರು ಹಾಗೆ ಹೇಳಬಹುದೇ?
– ನಿವೃತ್ತ ಶಿಕ್ಷಕರು, ಮೂಡಿಗೆರೆ

ಉತ್ತರ: ನೀವು ಹೇಳುತ್ತಿರುವುದು 1982ರಲ್ಲಿ ಇಬಾದಾನಿನಲ್ಲಿ ಪ್ರಾಧ್ಯಾಪಕರಾಗಿ ಅವರು ಕೊಟ್ಟ ಉದ್ಘಾಟನಾ ಉಪನ್ಯಾಸವನ್ನು. ಬರಹಗಾರರು ಯುರೋಪಿನ ಅನುಕರಣೆ ಬಿಟ್ಟು ಮೂಲಕ್ಕೆ ಮರಳಬೇಕೆಂಬ ವಾದ ನೈಜೀರಿಯದಲ್ಲಿ ಜೋರಾಗಿದ್ದ ಸಮಯವದು. ಇರೆಲೆಯವರ ನಿಲುವು ಬೇರೆ. ವಸಾಹತು ಆಳ್ವಿಕೆ ನಮ್ಮನ್ನು ನಮ್ಮ ಹಿಂದಿನ ಬದುಕಿನಿಂದ ಕಿತ್ತು ದೂರ ನಿಲ್ಲಿಸಿದ್ದು ಹಿಂಸೆಯಿಂದಲೇ. ಆದರೆ ಆ ದೂರವನ್ನು ಅಳಿಸಿಹಾಕಲು ಸಾಧ್ಯವಿಲ್ಲದಿರುವಾಗ, ಅದನ್ನು ಅರಿವಿನಿಂದ ಒಪ್ಪಿಕೊಂಡು, ಆಧುನಿಕ ವಿಜ್ಞಾನವನ್ನೂ ವಿಚಾರವನ್ನೂ ನಮ್ಮ ಅಗತ್ಯಕ್ಕೆ ದುಡಿಸಿಕೊಳ್ಳೋಣ ಎಂಬುದು ಅದರ ತಿರುಳು. ಒರಿಕಿಯ ಬಗ್ಗೆ ಅಷ್ಟು ಬರೆದವರೇ ಇದನ್ನು ಹೇಳಿದರೆಂಬುದನ್ನು ಗಮನಿಸಬೇಕು. ಪರಂಪರೆಯನ್ನು ಅವರು ಕೈಬಿಟ್ಟಿರಲಿಲ್ಲ, ಅದನ್ನು ಆಶ್ರಯತಾಣ ಮಾಡಿಕೊಳ್ಳಲು ಒಪ್ಪಲಿಲ್ಲ ಅಷ್ಟೆ. ಈ ದೂರದಿಂದ ಯಾರಿಗೆ ಲಾಭವಾಯಿತು, ಹೊಲದಲ್ಲಿ ದುಡಿಯುವವನಿಗೋ ಓದಿ ಪಟ್ಟಣ ಸೇರಿದವನಿಗೋ ಎಂಬ ಪ್ರಶ್ನೆಗೆ ಅಲ್ಲಿ ತೃಪ್ತಿಕರ ಉತ್ತರವಿದೆಯೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಆಕ್ಷೇಪವನ್ನು ಆ ಕಡೆಯಿಂದ ಬೆಳೆಸಿದರೆ ಹೆಚ್ಚು ಬಲ ಬಂದೀತು.

ಪ್ರಶ್ನೆ: ಇರೆಲೆಯವರ ಯಾವ ಪುಸ್ತಕದಿಂದ ಓದು ಶುರು ಮಾಡಬೇಕು?
– ಉಪನ್ಯಾಸಕರು, ಚಿಕ್ಕಮಗಳೂರು

ಉತ್ತರ: 1981ರ ‘ದಿ ಆಫ್ರಿಕನ್ ಎಕ್ಸ್‌ಪೀರಿಯನ್ಸ್ ಇನ್ ಲಿಟರೇಚರ್ ಅಂಡ್ ಐಡಿಯಾಲಜಿ’ಯಿಂದ. ಫಗುನ್ವಾ ಕುರಿತ ಪ್ರಬಂಧ ಅದರಲ್ಲೇ ಇದೆ. 2001ರ ‘ದಿ ಆಫ್ರಿಕನ್ ಇಮ್ಯಾಜಿನೇಷನ್’ ಆಮೇಲೆ ಬರಲಿ. ಸೈಮನ್ ಗಿಕಾಂಡಿಯವರ ಜೊತೆ ಸಂಪಾದಿಸಿ 2004ರಲ್ಲಿ ಹೊರತಂದ ಆಫ್ರಿಕನ್ ಮತ್ತು ಕ್ಯಾರಿಬಿಯನ್ ಸಾಹಿತ್ಯದ ಕೇಂಬ್ರಿಜ್ ಚರಿತ್ರೆ ಎರಡು ದಪ್ಪ ಸಂಪುಟಗಳದು. ಅದನ್ನು ಕೊಳ್ಳುವುದಕ್ಕಿಂತ ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ತರಿಸಿಕೊಡುವಂತೆ ಕೇಳುವುದು ಮೇಲು.