ಕಾಫಿ ತೋಟದ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದರೆ ಹಕ್ಕಿಗಳಿಗೆ ತೊಂದರೆಯೇ?

ನಿಮ್ಮ ಆರು ಎಕರೆ ಕಾಫಿ ತೋಟದಲ್ಲಿ ಕಡಿಯಬೇಕೆಂದಿರುವ ಕಾಡುಮರಗಳ ಪಟ್ಟಿ ಕೊಟ್ಟು, ಆ ಜಾಗಕ್ಕೆ ಸಿಲ್ವರ್ ಓಕ್ ಹಾಕಬಹುದೇ ಎಂದು ಕೇಳಿದ್ದೀರಿ. "ನೆರಳು ಹೇಗೂ ಇರುತ್ತದಲ್ಲ" ಎಂದು ನೀವು ಬರೆದ ಮಾತನ್ನೇ 2009ರಲ್ಲಿ ನಾನು ನಮ್ಮ ತಂದೆಗೆ ಹೇಳಿದ್ದೆ. ಅವರು ಏನೂ ಅನ್ನದೆ ಎಲೆಯಡಿಕೆ ಬಾಯಿಗಿಟ್ಟುಕೊಂಡು ಕಣದ ಕಡೆ ಹೋದರು. ತೋಟ ಅಷ್ಟರಲ್ಲಿ ನನ್ನ ಹೆಸರಿಗೆ ಬಂದಿತ್ತು.

ನಮ್ಮದು ಮೂಡಿಗೆರೆ ಕಡೆ, ಎಂಟು ಎಕರೆ ಅರೇಬಿಕಾ ಕಾಫಿ. ಲೆಕ್ಕವೂ ನಿಮ್ಮದೇ: ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರಲು ಅರಣ್ಯ ಇಲಾಖೆಗೆ ಅಲೆಯಬೇಕಿಲ್ಲ. ಹಾಗೆಂದು ನಾನು ಎಲ್ಲ ಮರವನ್ನೂ ಉರುಳಿಸಿದವನಲ್ಲ. ಹಕ್ಕಿಗಳ ಮೇಲೆ ನನಗೆ ಪ್ರೀತಿಯಿತ್ತು, ಅದಕ್ಕಾಗಿ ಆರಿಸಿ ಆರಿಸಿ ಕಡಿಸಿದೆ. ಕೆಟ್ಟದ್ದು ಆ ಆರಿಸುವಿಕೆಯಲ್ಲೇ. ನೀವು ಕೊಟ್ಟಿರುವ ಪಟ್ಟಿ ನನ್ನ ಪಟ್ಟಿಯ ನಕಲಿನಂತಿರುವುದರಿಂದ ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಒಂದು ನೋಟ್‌ಬುಕ್ ಹಿಡಿದು ಮೂರು ದಿನ ತೋಟ ಸುತ್ತಿದೆ. ನಾಟಾಕ್ಕೆ ಬೆಲೆಯಿರುವ ಬೀಟೆ, ಹೊನ್ನೆ, ನಂದಿ, ಮತ್ತಿ ಉಳಿಯಲಿ. ನಾಟಾಕ್ಕೂ ಬಾರದ, ಸೌದೆಗೂ ಒದಗದ ಅತ್ತಿ, ಬಸರಿ, ಗೋಣಿ ಹೋಗಲಿ. ಟೊಳ್ಳುಬಿದ್ದವು ಇಂದಲ್ಲ ನಾಳೆ ಗಾಳಿಗೆ ಬಿದ್ದು ಗಿಡ ಮುರಿಯುವಂಥವು, ಅವೂ ಹೋಗಲಿ. ಹೋಗಬೇಕಾದುದರ ಬುಡಕ್ಕೆ ಸುಣ್ಣದ ಗೆರೆ ಎಳೆದೆ. ಕೊನೆಗೆ ಎಣಿಸಿದರೆ 19: ಅತ್ತಿಯ ಕುಲದವು 14, ಟೊಳ್ಳುಮರ 5. ಎಂಟು ಎಕರೆಗೆ 19 ಮರ ಏನು ಮಹಾ? ಅನುಮತಿ ಪಡೆದೇ ಕಡಿಸಿದೆ. ಮರಗಸಿಗೆ (ನೆರಳುಮರದ ಕೊಂಬೆ ಸವರಲು) ಬರುತ್ತಿದ್ದ ಹಿರಿಯಾಳು ಒಂದು ಮರದ ಮುಂದೆ ಕತ್ತಿ ಕೆಳಗಿಟ್ಟು, "ಅಯ್ಯಾ, ಇದರ ಪೊಟರೆಯಲ್ಲಿ ವರ್ಷವೂ ಮಂಗಟ್ಟೆ ಹಕ್ಕಿ ಕೂರುತ್ತದೆ" ಎಂದ. "ಇನ್ನೂ ನೂರು ಮರ ಇವೆಯಲ್ಲ, ಅಲ್ಲಿ ಕೂರಲಿ" ಎಂದೆ.

ಆ ನೂರರಲ್ಲಿ ಒಂದಕ್ಕೂ ಪೊಟರೆಯಿರಲಿಲ್ಲ. ಪೊಟರೆಯಿದ್ದ ಮರಗಳನ್ನೆಲ್ಲ ಹುಡುಕಿ ಸುಣ್ಣ ಬಳಿದವನು ನಾನೇ! ಮಲಬಾರ್ ಬೂದು ಮಂಗಟ್ಟೆ (ಹಾರ್ನ್‌ಬಿಲ್) ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಈಗ ಅಳಿವಿನ ಅಪಾಯದ ಕೆಂಪು ಪಟ್ಟಿಯಲ್ಲಿದೆ. ಅದಕ್ಕೆ ಮರಕುಟಿಗನ ಹಾಗೆ ಮರ ಕೊರೆಯಲು ಬಾರದು, ತಾನಾಗಿ ಆದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕುಳಿತು ಬಾಗಿಲು ಮುಚ್ಚಿಕೊಂಡು ಒಂದು ಸೀಳು ಮಾತ್ರ ಬಿಡುತ್ತದೆ. ಗಂಡು ವಾರಗಟ್ಟಲೆ ಆ ಸೀಳಿನಿಂದ ಹಣ್ಣು ತಂದು ಉಣಿಸುತ್ತದೆ. ಯಾವ ಹಣ್ಣು? ಹೆಚ್ಚಿನ ಪಾಲು ಅತ್ತಿ, ಬಸರಿ, ಗೋಣಿ, ಆಲದ್ದು. ಈ ಮರಗಳು ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಒಂದು ಮುಗಿಸಿದಾಗ ಇನ್ನೊಂದು ಬಿಡುತ್ತದೆ, ಬೇರೆ ಹಣ್ಣಿಲ್ಲದ ದಿನಗಳಲ್ಲೂ. ನನ್ನ ನೋಟ್‌ಬುಕ್ಕು ಹಕ್ಕಿಯ ಮನೆಯನ್ನೂ ಉಗ್ರಾಣವನ್ನೂ ಒಟ್ಟಿಗೆ ತೆಗೆದು, ಅದು ತಿನ್ನದ ಬೀಟೆ ಹೊನ್ನೆಯನ್ನು ಜೋಪಾನವಾಗಿ ಉಳಿಸಿತ್ತು. ಮುಂದಿನ ಫೆಬ್ರವರಿಯಲ್ಲಿ ಒಂದು ಜೋಡಿ ಬಂದು ಹೊನ್ನೆಯ ಮೇಲೆ ಎರಡು ಬೆಳಗು ಕುಳಿತಿತ್ತು. ಮೂರನೆಯ ಬೆಳಗ್ಗೆ ಇರಲಿಲ್ಲ.

ಹಕ್ಕಿ ಹೋದರೆ ಹೋಗಲಿ, ತೋಟ ಉಳಿಯಿತೇ ಎಂದು ಕೇಳುವಿರಾದರೆ, ಅದೂ ಇಲ್ಲ. ಅಗಲ ಹಂದರದ 14 ಮರ ಹೋದ ಜಾಗದಲ್ಲಿ ಬಿಸಿಲು ನೇರ ಕಾಫಿಯ ಕಾಂಡಕ್ಕೆ ಬಿತ್ತು. ಬಿಳಿ ಕಾಂಡಕೊರಕ ಎಂಬ ಕೀಟ ಮೊಟ್ಟೆಯಿಡಲು ಹುಡುಕುವುದೇ ಬಿಸಿಲು ಬಿದ್ದ ಅರೇಬಿಕಾ ಕಾಂಡವನ್ನು. ಸಿಲ್ವರ್ ಓಕ್ ಸಸಿಗಳು ನೆರಳು ಕೊಡುವಷ್ಟು ಎತ್ತರಕ್ಕೆ ಬರುವ ಮೊದಲೇ, ಎಲೆ ಹಳದಿಯಾಗಿ ಕಾಂಡದ ಮೇಲೆ ಉಬ್ಬುಗೆರೆ ಎದ್ದ ಗಿಡಗಳನ್ನು ಸಾಲುಸಾಲಾಗಿ ಕಿತ್ತು ಸುಡಬೇಕಾಯಿತು. ಓಕ್ ಬೆಳೆದ ಮೇಲೆ ಮೆಣಸು ಚೆನ್ನಾಗಿಯೇ ಬಂತು, ಸುಳ್ಳು ಹೇಳುವುದಿಲ್ಲ.

"ಹಕ್ಕಿಗಳಿಗೆ ಕಾಡಿದೆಯಲ್ಲ" ಎಂಬ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ. ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಡನ್ನೇ ನಂಬಿದ 79 ಜಾತಿಯ ಹಕ್ಕಿಗಳು ಕಾಫಿಯ ನಡುವೆಯೇ ಸಿಕ್ಕಿದ್ದವು. ಅಪಾಯದಲ್ಲಿರುವ ನೀಲಗಿರಿ ಕಾಡುಪಾರಿವಾಳವೂ ಅವುಗಳಲ್ಲಿ ಒಂದು. ನಿಮ್ಮ ಆರು ಎಕರೆ ಅವಕ್ಕೆ ದಾರಿಯಲ್ಲಿ ಸಿಗುವ ಛತ್ರವಲ್ಲ, ಎಷ್ಟೋ ಜಾತಿಗೆ ಅದೇ ಊರು.

ಕಾಫಿಗೆ ಹಕ್ಕಿಸ್ನೇಹಿ ಎಂಬ ಪ್ರಮಾಣಮುದ್ರೆ ಪಡೆದರೆ ಹೆಚ್ಚು ದರ ಸಿಗುವುದೇ ಎಂದೂ ಕೇಳಿದ್ದೀರಿ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಕೊಡುವ ಮುದ್ರೆಗೆ ಮೊದಲು ತೋಟ ಸಾವಯವವಾಗಬೇಕು. ಅದು ಬೇರೆಯೇ ಜಗಳ, ಈಗ ಬೇಡ. ಪೊಟರೆಗೆ ಬದಲು ಮರದ ಪೆಟ್ಟಿಗೆ ಕಟ್ಟಿದರೆ ಸಾಲದೇ ಎಂದರೆ, ನಾನು ನಾಲ್ಕು ಕಟ್ಟಿ ನೋಡಿದೆ. ಎರಡರಲ್ಲಿ ಜೇನು ಕೂತಿತು, ಒಂದರಲ್ಲಿ ಅಳಿಲು, ನಾಲ್ಕನೆಯದು ಮಳೆಗೆ ಕೊಳೆಯಿತು.

ಸಿಲ್ವರ್ ಓಕ್ ಹಾಕಲೇಬೇಕೆಂದರೆ ಖಾಲಿ ಜಾಗಕ್ಕೆ, ಬೇಲಿಯಂಚಿಗೆ ಹಾಕಿ. ಮೆಣಸನ್ನು ಇರುವ ಮರಗಳಿಗೇ ಹಬ್ಬಿಸಿ, ಪೊಟರೆಯಿರುವ ಮರಗಳಿಗೆ ಮಾತ್ರ ಬೇಡ. ನಾನು ಬಸರಿ, ಗೋಣಿಯ ಗೂಟ ನೆಟ್ಟಿದ್ದೇನೆ. ಕೆಲವು ಹಣ್ಣು ಬಿಡುವಷ್ಟಾಗಿವೆ, ಕುಟ್ರುಹಕ್ಕಿ ಮರಳಿ ಬಂದಿದೆ. ಪೊಟರೆಯ ಗೂಟ ಮಾತ್ರ ಎಲ್ಲೂ ಸಿಗುವುದಿಲ್ಲ.

ಈಗಾಗಲೇ ಸುಣ್ಣ ಬಳಿದಿದ್ದರೆ ಕಡಿಯುವವರಿಗೆ ಮೇ ಕಳೆಯುವವರೆಗೆ ಬರಬೇಡಿ ಎನ್ನಿ. ಅಷ್ಟರಲ್ಲಿ ಪ್ರತಿ ಟೊಳ್ಳುಮರದ ಬುಡದಲ್ಲಿ ಬಗ್ಗಿ ನೋಡಿ. ಹಿಕ್ಕೆಯ ಜೊತೆ ಹಣ್ಣಿನ ಬೀಜ ರಾಶಿಬಿದ್ದು, ಅಲ್ಲಲ್ಲಿ ಮೊಳೆತಿದ್ದರೆ, ಮೇಲೆ ಬಾಗಿಲು ಮುಚ್ಚಿಕೊಂಡು ಯಾರೋ ಕೂತಿದ್ದಾರೆ.