ನಿಮ್ಮ ‘ಪೆಟ್ಟು ತಿಂದ ಉಕ್ಕು’ ಲೇಖನದ ಬಗ್ಗೆ

ನಮಸ್ಕಾರ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ತಿದ್ದಿ ಕೊಟ್ಟರೆ ಖಂಡಿತ ಓದುತ್ತೇನೆ.

ಮೊದಲು ಒಂದು ತಪ್ಪು. ತಣ್ಣಗಿರುವಾಗ ಬಡಿದರೆ, ಎಳೆದರೆ ‘ಪರಮಾಣುಗಳು ಒತ್ತೊತ್ತಾಗಿ ಕೂತು’ ಉಕ್ಕು ಗಟ್ಟಿಯಾಗುತ್ತದೆ ಎಂದಿದ್ದೀರಿ. ಸಾಂದ್ರತೆ ಹೆಚ್ಚುವುದಿಲ್ಲ, ಕೂದಲೆಳೆಯಷ್ಟು ಇಳಿಯುತ್ತದೆ. ಹೆಚ್ಚುವುದು ಹರಳಿನೊಳಗೆ ಪರಮಾಣುಗಳ ಸಾಲು ತಪ್ಪಿದ ಜಾಗಗಳು, ಅಂದರೆ ಡಿಸ್‌ಲೊಕೇಶನ್‌ಗಳು. ಅವು ಸರಿಯುವುದರಿಂದಲೇ ಲೋಹ ಬಾಗುತ್ತದೆ; ಹೆಚ್ಚಾದಂತೆ ಒಂದಕ್ಕೊಂದು ಸಿಕ್ಕುಬಿದ್ದು ನಿಲ್ಲುತ್ತವೆ. ಬೈಂಡಿಂಗ್ ವೈರನ್ನು ಹಿಂದೆಮುಂದೆ ಬಗ್ಗಿಸಿ ನೋಡಿ. ಬಗ್ಗಿದ ಜಾಗ ಬಿರುಸಾಗುತ್ತದೆ, ಆಮೇಲೆ ಪಟ್ಟನೆ ಮುರಿಯುತ್ತದೆ. ಬಲವನ್ನು ಹೊಗಳಿದ ನೀವು ಆ ಮುರಿತವನ್ನು ಬರೆದೇ ಇಲ್ಲ.

ಕತ್ತಿ, ಸ್ಪ್ರಿಂಗು, ಟೈರು, ಸೇತುವೆ ಎಲ್ಲಕ್ಕೂ ಎರಡೆರಡು ಸಾಲು ಹಂಚಿದ್ದೀರಿ. ಸೇತುವೆಯೊಂದನ್ನೇ ಹಿಡಿಯಿರಿ. 1998ರಲ್ಲಿ ತೆರೆದ ಜಪಾನಿನ ಅಕಾಶಿ ಕೈಕ್ಯೊ ತೂಗುಸೇತುವೆಯ ನಡುವಿನ ಹರವು 1,991 ಮೀಟರ್. ಅದರ ಕೇಬಲ್ಲಿನ ಒಂದೊಂದು ತಂತಿಯೂ 5.23 ಮಿಲಿಮೀಟರ್ ದಪ್ಪ, ಎಳೆತ ತಾಳುವ ಬಲ ಸುಮಾರು 1,800 ಮೆಗಾಪ್ಯಾಸ್ಕಲ್ (ಒಂದು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಅಳತೆ). ಇಂಥ ಉಕ್ಕಿನಲ್ಲಿ ಶೇ. 0.8ರಷ್ಟು ಇಂಗಾಲ ಇರುತ್ತದೆ. ಕಾಯಿಸಿ ಹದವಾಗಿ ತಣಿಸಿದಾಗ ಮೆತು ಫೆರೈಟ್ (ಹೆಚ್ಚುಕಡಿಮೆ ಬರೀ ಕಬ್ಬಿಣ), ಗಡುಸು ಸಿಮೆಂಟೈಟ್ (ಕಬ್ಬಿಣ ಮತ್ತು ಇಂಗಾಲದ ಸಂಯುಕ್ತ) ಪದರಪದರವಾಗಿ ಕೂತು ಪರ್ಲೈಟ್ ಆಗುತ್ತದೆ. ಡೈ ಎಂದರೆ ಕಿರಿದಾದ ತೂತಿನ ಅಚ್ಚು; ಡೈಯಿಂದ ಡೈಗೆ ತಣ್ಣಗೆ ಎಳೆದಂತೆಲ್ಲ ಅಡ್ಡಾದಿಡ್ಡಿ ಪದರಗಳು ತಂತಿಯ ಉದ್ದಕ್ಕೆ ತಿರುಗಿ ತೆಳ್ಳಗಾಗುತ್ತವೆ, ಅವುಗಳ ಸಂದು ಕಿರಿದಾಗುತ್ತದೆ. ಡಿಸ್‌ಲೊಕೇಶನ್‌ಗಳಿಗೆ ಓಡಾಡಲು ಜಾಗ ಉಳಿಯುವುದಿಲ್ಲ.

ಸ್ವಾರಸ್ಯ ಇರುವುದು ಇದರ ಮುಂದೆ. ತುಕ್ಕು ಹಿಡಿಯದಂತೆ ತಂತಿಯನ್ನು ಸುಮಾರು 450 ಡಿಗ್ರಿ ಬಿಸಿಯ ಕರಗಿದ ಸತುವಿನಲ್ಲಿ ಅದ್ದಬೇಕು. ಆ ಶಾಖಕ್ಕೆ ಸಿಮೆಂಟೈಟ್ ಪದರಗಳು ತುಂಡಾಗಿ ಉಂಡೆಗಟ್ಟತೊಡಗುತ್ತವೆ. ಎಳೆದು ಗಳಿಸಿದ ಬಲದಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ. ಜಪಾನಿನ ಎಂಜಿನಿಯರುಗಳು ಉಕ್ಕಿನಲ್ಲಿ ಸಿಲಿಕಾನ್ ಹೆಚ್ಚಿಸಿ ಈ ನಷ್ಟವನ್ನು ತಡೆದರು. ಹಿಂದಿನ 1,600ರ ಜಾಗದಲ್ಲಿ 1,800 ಸಿಕ್ಕಿದ್ದರಿಂದ ಸೇತುವೆಯ ಒಂದೊಂದು ಬದಿಗೆ ಎರಡೆರಡು ಕೇಬಲ್ ಬೇಕಾಗಲಿಲ್ಲ, ಒಂದೊಂದೇ ಸಾಕಾಯಿತು. ಸತುವಿನ ತೊಟ್ಟಿಯಲ್ಲಿ ಪದರಗಳು ಉಳಿದುಕೊಂಡ ಈ ಕಥೆಗೆ ನಾನು ಎರಡು ಪುಟ ಬಿಟ್ಟುಕೊಡುತ್ತೇನೆ.

‘ಕಷ್ಟ ಉಂಡವನೇ ಗಟ್ಟಿ’ ಎಂಬ ಕೊನೆಯ ಪ್ಯಾರಾ ತೆಗೆದುಹಾಕಿ. ಮನುಷ್ಯ ತಂತಿಯಲ್ಲ, ಆ ಹೋಲಿಕೆ ಇಬ್ಬರಿಗೂ ಅನ್ಯಾಯ. ಮೂರನೇ ಪುಟದಲ್ಲಿ ತಂತಿ ಎಳೆಯುವ ಘಟಕದ ವಿವರ ಬರುತ್ತದಲ್ಲ, ಡೈಯ ಬಾಯಲ್ಲಿ ಸಾಬೂನು ಪುಡಿ, ಹೊರಬಂದ ತಂತಿ ಮುಟ್ಟಿದರೆ ಕೈ ಸುಡುವುದು, ಅದು ನೀವು ಕಣ್ಣಾರೆ ಕಂಡದ್ದು. ಲೇಖನ ಅಲ್ಲಿಂದ ಶುರುವಾಗಲಿ. ತಣ್ಣಗೆ ಎಳೆದ ತಂತಿ ಬಿಸಿಯಾಗುವುದೇಕೆ ಎಂದು ಓದುಗರು ತಾವೇ ಕೇಳುತ್ತಾರೆ.