ವಾರ್ಡಿನಲ್ಲಿ ಔಷಧಿ ಕೊಡುವಾಗ ತಪ್ಪಾಗದಂತೆ ನರ್ಸ್‌ಗಳು ಏನು ಮಾಡಬೇಕು?

ಸರಿಯಾದ ರೋಗಿ, ಔಷಧಿ, ಡೋಸ್, ಸಮಯ, ಕೊಡುವ ವಿಧಾನ: ಈ ಐದನ್ನು ಎಲ್ಲ ನರ್ಸ್‌ಗಳೂ ಕಲಿತಿರುತ್ತಾರೆ. ಆದರೂ ಅವಸರದಲ್ಲಿ, ಯಾರೋ ನಡುವೆ ಕರೆದಾಗ ತಪ್ಪಾಗುತ್ತದೆ. ಔಷಧಿ ತಯಾರು ಮಾಡುವಾಗ ಫೋನ್, ಮಾತು ಎರಡೂ ಬೇಡ.

"ನೀವು ಇಂಥವರು ಅಲ್ವಾ?" ಅಂತ ಕೇಳಬೇಡಿ. ನಿದ್ದೆಗಣ್ಣಿನಲ್ಲಿರುವವರು, ಕಿವಿ ಮಂದ ಇರುವವರು ಸುಮ್ನೆ ಹೂಂ ಅಂದುಬಿಡುತ್ತಾರೆ. ಹೆಸರು, ಹುಟ್ಟಿದ ದಿನಾಂಕ ಅವರ ಬಾಯಲ್ಲೇ ಹೇಳಿಸಿ, ಕೈಪಟ್ಟಿಯ ಜೊತೆ ಹೋಲಿಸಿ. ಹಾಸಿಗೆ ನಂಬರ್ ನಂಬಬೇಡಿ.

ಜಾಸ್ತಿ ಎಚ್ಚರ ಬೇಕಿರುವುದು ಇನ್ಸುಲಿನ್, ಹೆಪಾರಿನ್, ಮಾರ್ಫಿನ್, ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್‌ಗಳಿಗೆ. ಇಲ್ಲಿ ಸಣ್ಣ ತಪ್ಪೂ ಜೀವಕ್ಕೆ ಬರಬಹುದು. ಇವುಗಳ ಡೋಸನ್ನು ಇನ್ನೊಬ್ಬ ನರ್ಸ್ ಬೇರೆಯಾಗಿಯೇ ಲೆಕ್ಕ ಹಾಕಲಿ. ನಿಮ್ಮ ಉತ್ತರ ಮೊದಲೇ ಹೇಳಿದರೆ ಅವರೂ ಅದನ್ನೇ ಒಪ್ಪಿಬಿಡುವ ಅಪಾಯವಿದೆ. ಇನ್ಸುಲಿನ್‌ಗೆ 'ಯೂನಿಟ್' ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ 'ಯು' ಅಕ್ಷರ ಮಾತ್ರ ಬರೆದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗಬಹುದು. ಹಾಗೆಯೇ 1.0 ಬೇಡ, 1 ಸಾಕು. ಚುಕ್ಕಿ ಕಾಣದಿದ್ದರೆ ಅದು 10.

ತಪ್ಪಾದರೆ ತಕ್ಷಣ ರೋಗಿಯನ್ನು ನೋಡಿ, ಡಾಕ್ಟರಿಗೆ ತಿಳಿಸಿ, ವರದಿ ಬರೆಯಿರಿ. ವರದಿ ಮಾಡಿದವರನ್ನು ಬೈಯುವ ಕಡೆ ಮುಂದಿನ ತಪ್ಪು ಮುಚ್ಚಿಹೋಗುತ್ತದೆ. "ಈ ಮಾತ್ರೆ ಬೇರೆ ಥರ ಇದೆಯಲ್ಲ" ಎಂದು ರೋಗಿ ಹೇಳಿದರೆ, ಕೊಡುವುದನ್ನು ನಿಲ್ಲಿಸಿ ಮತ್ತೊಮ್ಮೆ ಚೀಟಿ ನೋಡಿ.